ಅಮೆರಿಕದಲ್ಲಿ ಕನ್ನಡ ಕ್ಲಾಸಿಗೆ ಸರ್ಕಾರದ ಹಣ: ಅರ್ಜಿ ಹಾಕುವುದು ಹೇಗೆ?

ಅಮೆರಿಕದ ಶಿಕ್ಷಣ ಇಲಾಖೆ 78 ಭಾಷೆಗಳ ಒಂದು ಪಟ್ಟಿ ಮಾಡಿಟ್ಟಿದೆ. ಅಲ್ಲಿ ಕಲಿಸುವವರು ಕಡಿಮೆ, ಆದರೆ ದೇಶಕ್ಕೆ ಗೊತ್ತಿರಲೇಬೇಕು ಅನ್ನುವಂಥ ಭಾಷೆಗಳು ಅವು. ಆ ಪಟ್ಟಿಯಲ್ಲಿ ಜಾವಾನೀಸ್ ಆದಮೇಲೆ, ಕಾಶ್ಮೀರಿಗಿಂತ ಮುಂಚೆ, ನಮ್ಮ ಕನ್ನಡವೂ ಇದೆ.

ಮೊದಲ ಸಲ ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು. ಆಮೇಲೆ ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಾ ಒಂದು ವಿಷಯ ಅರ್ಥವಾಯಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಂದು ಡಾಲರೂ ಬರುವುದಿಲ್ಲ. ಯಾವುದೋ ಕಾಲೇಜಿನಲ್ಲಿ ಯಾರೋ ಒಬ್ಬರು ಕೂತು, ಅರ್ಜಿಯ ಒಳಗೆ ಕನ್ನಡಕ್ಕೊಂದು ಜಾಗ ಮಾಡಬೇಕು. ಅದನ್ನು ಹೇಗೆ ಮಾಡುವುದು ಅನ್ನುವುದೇ ಈ ಲೇಖನ. ಅಲ್ಲಿ ಪಾಠ ಮಾಡುತ್ತಿರುವ ಕನ್ನಡಿಗರಿಗೆ, ಕನ್ನಡ ಸಂಘ ನಡೆಸುವವರಿಗೆ ಇದು ನೇರವಾಗಿ ಬೇಕಾಗುತ್ತದೆ. ಮಕ್ಕಳು, ಮೊಮ್ಮಕ್ಕಳು ಅಲ್ಲಿರುವವರು ಅವರಿಗೆ ಕಳಿಸಿಕೊಡಿ.

ಈ ಅನುದಾನಗಳಿಗೆ ಅಲ್ಲಿನವರು ಹೇಳುವ ಹೆಸರು ‘ಟೈಟಲ್ ಸಿಕ್ಸ್’. 1957ರಲ್ಲಿ ಸೋವಿಯತ್ ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿದಾಗ ಅಮೆರಿಕ ಬೆಚ್ಚಿಬಿತ್ತು. ಮರುವರ್ಷವೇ, 1958ರಲ್ಲಿ, ಶಿಕ್ಷಣಕ್ಕೆ ಹಣ ಕೊಡುವ ದೊಡ್ಡ ಕಾನೂನು ಬಂತು. ವಿಜ್ಞಾನ, ಗಣಿತದ ಜೊತೆ ವಿದೇಶಿ ಭಾಷೆಗಳಿಗೂ ಅದರಲ್ಲಿ ಪಾಲು ಸಿಕ್ಕಿತು. ಆ ಕಾನೂನಿನ ಆರನೇ ಭಾಗವಾಗಿ ಶುರುವಾದದ್ದು ಇದು.

ಬಾಗಿಲು ತೆರೆದಿದೆಯಾ ನೋಡಿ

ಎಲ್ಲಕ್ಕಿಂತ ಮೊದಲ ಕೆಲಸ ಇದು. ಈ ಅನುದಾನಕ್ಕೆ ಯಾವಾಗೆಂದರೆ ಆಗ ಅರ್ಜಿ ಹಾಕಲು ಆಗುವುದಿಲ್ಲ. ಫೆಡರಲ್ ರಿಜಿಸ್ಟರ್ ಅನ್ನುವ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಣೆ ಬರಬೇಕು. ದೊಡ್ಡ ಅನುದಾನಗಳಿಗೆ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಂದು ಸಲ ಸ್ಪರ್ಧೆ ನಡೆಯುತ್ತಾ ಬಂದಿದೆ: 2014, 2018, 2022.

2022ರ ಸುತ್ತಿನ ಕೊನೆಯ ವರ್ಷದ ಹಣ 2025ರಲ್ಲಿ ನಿಂತುಹೋಯಿತು. ಎಷ್ಟೋ ಭಾಷೆಗಳ ಕ್ಲಾಸುಗಳಿಗೆ ಅದರಿಂದ ಪೆಟ್ಟು ಬಿತ್ತು, ಕೆಲಸ ಮಾಡುತ್ತಿದ್ದವರಿಗೂ ಬಿತ್ತು. ಹಾಗಾಗಿ ಹೊಸ ಪ್ರಕಟಣೆ ಬಂದಿದೆಯಾ, ಯಾವ ಅನುದಾನಕ್ಕೆ ಬಂದಿದೆ ಅನ್ನುವುದನ್ನು ಖಚಿತ ಮಾಡಿಕೊಂಡೇ ಮುಂದಕ್ಕೆ ಹೋಗಿ. ಬಂದಿಲ್ಲ ಅಂದರೂ ಕೈಕಟ್ಟಿ ಕೂರಬೇಡಿ. ಪ್ರಕಟಣೆ ಬಂದಮೇಲೆ ಸಿಗುವುದು ಕೆಲವೇ ವಾರ. ಕೆಳಗೆ ಹೇಳುವ ಕೆಲಸದಲ್ಲಿ ಮುಕ್ಕಾಲು ಪಾಲು ಈಗಲೇ ಮಾಡಿಟ್ಟುಕೊಳ್ಳಬಹುದು.

ಯಾವುದಕ್ಕೆ ಹಾಕಬೇಕು?

ನ್ಯಾಷನಲ್ ರಿಸೋರ್ಸ್ ಸೆಂಟರ್ ಅನುದಾನ ದೊಡ್ಡ ವಿಶ್ವವಿದ್ಯಾಲಯಗಳಿಗೆ. ಅಲ್ಲಿ ದಕ್ಷಿಣ ಏಷ್ಯಾ ಕೇಂದ್ರ ಮೊದಲೇ ಇರಬೇಕು, ಲೈಬ್ರರಿ ಇರಬೇಕು, ಬೇರೆ ಬೇರೆ ವಿಭಾಗದ ಪ್ರೊಫೆಸರುಗಳಿರಬೇಕು. ಇದರ ಜೊತೆಯಲ್ಲೇ ಫ್ಲಾಸ್ ಅನ್ನುವ ಇನ್ನೊಂದಿದೆ. ಅದು ವಿದ್ಯಾರ್ಥಿವೇತನ. ಹಣ ಕಾಲೇಜಿಗೆ ಬರುತ್ತದೆ, ಕಾಲೇಜು ವಿದ್ಯಾರ್ಥಿಗಳನ್ನು ಆರಿಸಿ ಕೊಡುತ್ತದೆ. ಅನುಮತಿ ಪಡೆದು ಅದೇ ಹಣದಲ್ಲಿ ಭಾರತಕ್ಕೂ ಬಂದು ಕಲಿಯಬಹುದು. ಮೈಸೂರಿನಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ನಡೆಸುವ ಕನ್ನಡ ಕೋರ್ಸ್ ಇರುವುದು ಇಂಥವರಿಗೇ. ಒಂದು ಮಾತು ನೆನಪಿರಲಿ: ಫ್ಲಾಸ್ ಸಿಗುವುದು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಇಲ್ಲಿಂದ ಓದಲು ಹೋದ ಹುಡುಗರಿಗೆ ಸಿಗುವುದಿಲ್ಲ.

ಲ್ಯಾಂಗ್ವೇಜ್ ರಿಸೋರ್ಸ್ ಸೆಂಟರ್ ಅನ್ನುವುದು ಬೇರೆ. ಅದು ಪಾಠ ಮಾಡುವುದಕ್ಕಿಂತ ಜಾಸ್ತಿ ಪಠ್ಯ, ಪರೀಕ್ಷೆ, ಶಿಕ್ಷಕರ ತರಬೇತಿಗೆ.

ಸಣ್ಣ ಕಾಲೇಜು, ಹೊಸದಾಗಿ ಭಾಷೆ ಶುರು ಮಾಡಬೇಕು ಅಂದರೆ ನಾಲ್ಕನೆಯದನ್ನು ನೋಡಿ. ಅದು ಪದವಿ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಅಧ್ಯಯನ ಮತ್ತು ವಿದೇಶಿ ಭಾಷೆಯ ಅನುದಾನ. ಇದರಲ್ಲಿ ಸರ್ಕಾರ ಪೂರ್ತಿ ಹಣ ಕೊಡುವುದಿಲ್ಲ. ಒಟ್ಟು ಖರ್ಚಿನಲ್ಲಿ ಅರ್ಧದಷ್ಟನ್ನು ಬೇರೆ ಕಡೆಯಿಂದ ತೋರಿಸಬೇಕು. ನಗದೇ ಆಗಬೇಕಿಲ್ಲ, ಅಧ್ಯಾಪಕರ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಹೊರಗಿನ ಖಾಸಗಿ ಕಂಪನಿ ಅಥವಾ ಫೌಂಡೇಶನ್‌ನಿಂದ ನಗದು ಬಂದರೆ ಮೂರನೇ ಒಂದು ಭಾಗ ಸಾಕು. ಕನ್ನಡ ಸಂಘದವರು ಈ ಸಾಲನ್ನು ಎರಡು ಸಲ ಓದಬೇಕು. ಯುಗಾದಿಗೂ ರಾಜ್ಯೋತ್ಸವಕ್ಕೂ ಹಣ ಎತ್ತುವ ಸಂಘ, ಹತ್ತಿರದ ಕಾಲೇಜಿಗೆ ಒಂದಿಷ್ಟು ನಗದು ಕೊಟ್ಟರೆ ಅದರ ಬೆನ್ನಿಗೆ ಸರ್ಕಾರದ ಹಣವೂ ಬರುವ ದಾರಿ ಇದು.

ರಿಸೋರ್ಸ್ ಸೆಂಟರುಗಳಿಗೆ ಭಾನುವಾರದ ಕನ್ನಡ ಶಾಲೆ ತಾನೇ ಅರ್ಜಿ ಹಾಕುವಂತಿಲ್ಲ. ಅವು ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಮಾತ್ರ. ಆದರೆ ಜೊತೆಗಾರರಾಗಬಹುದು. ಕ್ಯಾಂಪಸ್ ಹೊರಗಿನ ಜನರಿಗೆ, ಶಾಲಾ ಶಿಕ್ಷಕರಿಗೆ ಏನು ಮಾಡುತ್ತೀರಿ ಅಂತ ಅರ್ಜಿಯಲ್ಲಿ ಕೇಳುತ್ತಾರೆ. ನಿಮ್ಮ ಕನ್ನಡ ಶಾಲೆಯ ಶಿಕ್ಷಕಿಯರಿಗೆ ಬೇಸಿಗೆಯಲ್ಲಿ ಒಂದು ವಾರದ ತರಬೇತಿ ಅನ್ನುವುದು ಅದಕ್ಕೆ ಒಳ್ಳೆಯ ಉತ್ತರ.

ನೋಂದಣಿ ಇವತ್ತೇ ನೋಡಿ

ಅರ್ಜಿ ಹೋಗುವುದು ಗ್ರಾಂಟ್ಸ್ ಡಾಟ್ ಗವ್ ಅನ್ನುವ ಸರ್ಕಾರಿ ವೆಬ್‌ಸೈಟ್ ಮೂಲಕ. ಅದಕ್ಕೆ ಮೊದಲು ಸಂಸ್ಥೆ ಸ್ಯಾಮ್ ಡಾಟ್ ಗವ್ ಅನ್ನುವ ಇನ್ನೊಂದು ಸರ್ಕಾರಿ ವೆಬ್‌ಸೈಟಿನಲ್ಲಿ ನೋಂದಣಿ ಮಾಡಿಸಿರಬೇಕು. ಅಲ್ಲಿ 12 ಅಕ್ಷರ-ಅಂಕಿಗಳ ಒಂದು ಗುರುತು ಸಂಖ್ಯೆ ಕೊಡುತ್ತಾರೆ. ನೋಂದಣಿಯನ್ನು ವರ್ಷಕ್ಕೊಂದು ಸಲ ನವೀಕರಿಸಬೇಕು.

ನನಗೆ ಗೊತ್ತಿರುವ ಒಂದು ಸಣ್ಣ ಕಾಲೇಜಿನಲ್ಲಿ ಅರ್ಜಿ ಪೂರ್ತಿ ಸಿದ್ಧವಾಗಿತ್ತು. ನಾನೇ ಎರಡು ವಾರ ಅದರ ಕನ್ನಡ ಭಾಗ ತಿದ್ದಿಕೊಟ್ಟಿದ್ದೆ. ಡೆಡ್‌ಲೈನಿಗೆ ನಾಲ್ಕು ದಿನ ಇದ್ದಾಗ ನೋಂದಣಿ ಅವಧಿ ಮುಗಿದಿದೆ ಅಂತ ತಿಳಿಯಿತು. ನವೀಕರಣಕ್ಕೆ ಅದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಅಷ್ಟೂ ಕೆಲಸ ಪೆಟ್ಟಿಗೆಯಲ್ಲೇ ಉಳಿಯಿತು. ಅಲ್ಲಿ ಕನ್ನಡ ಕಲಿಯಲು ಹೆಸರು ಕೊಟ್ಟಿದ್ದ ಆರು ಮಕ್ಕಳ ಮುಖ ನನಗೆ ಈಗಲೂ ನೆನಪಿದೆ.

ಆದ್ದರಿಂದ ಇವತ್ತೇ ನಿಮ್ಮ ಗ್ರಾಂಟ್ಸ್ ಆಫೀಸಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ನೋಂದಣಿ ಯಾವ ತಾರೀಖಿನವರೆಗೆ ಇದೆ? ನಮ್ಮ ಸಂಸ್ಥೆಯ ಪರವಾಗಿ ‘ಸಬ್ಮಿಟ್’ ಒತ್ತುವ ಅಧಿಕಾರ ಯಾರಿಗಿದೆ? ಆ ಬಟನ್ ಒತ್ತುವ ಅಧಿಕಾರ ಅಧ್ಯಾಪಕರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಅಧಿಕಾರ ಇರುವವರು ಆ ವಾರ ರಜೆ ಹಾಕಿದ್ದಾರಾ ಅಂತಲೂ ಕೇಳಿಬಿಡಿ.

ಬರೆಯುವುದು

ಮುಖ್ಯ ಕೆಲಸ ಇಲ್ಲಿದೆ. ಯಾವುದಕ್ಕೆ ಎಷ್ಟು ಅಂಕ ಅಂತ ಪ್ರಕಟಣೆಯಲ್ಲೇ ಇರುತ್ತದೆ. ರಿಸೋರ್ಸ್ ಸೆಂಟರ್ ಆದರೆ ಭಾಷಾ ಬೋಧನೆಯ ಗುಣಮಟ್ಟ, ಅಧ್ಯಾಪಕರು, ಲೈಬ್ರರಿ, ಸಂಸ್ಥೆ ತಾನೇ ಎಷ್ಟು ಖರ್ಚು ಮಾಡುತ್ತಿದೆ, ಹೊರಗಿನವರಿಗೆ ಏನು ಉಪಯೋಗ, ಬಜೆಟ್, ಮೌಲ್ಯಮಾಪನ ಎಲ್ಲಕ್ಕೂ ಬೇರೆ ಬೇರೆ ಅಂಕ. ಅವರು ಕೊಟ್ಟ ಶೀರ್ಷಿಕೆಗಳನ್ನೇ, ಅದೇ ಕ್ರಮದಲ್ಲಿ ಬಳಸಿ. ಅರ್ಜಿ ಓದುವವರು ಬೇರೆ ಕಾಲೇಜಿನ ಪ್ರೊಫೆಸರುಗಳು. ಅವರ ಮುಂದೆ ಇಂಥ ಅರ್ಜಿಗಳ ಒಂದು ರಾಶಿಯೇ ಇರುತ್ತದೆ. ಉತ್ತರ ಹುಡುಕುವ ಕಷ್ಟ ಅವರಿಗೆ ಕೊಡಬಾರದು.

ಕನ್ನಡದ ಬಗ್ಗೆ ಬರೆಯುವಾಗ ನಾವೆಲ್ಲ ಒಂದೇ ತಪ್ಪು ಮಾಡುತ್ತೇವೆ. ನನ್ನ ಮೊದಲ ಕರಡು ಹೀಗೆ ಶುರುವಾಗಿತ್ತು: ‘ಕನ್ನಡ ಬಹಳ ಪ್ರಾಚೀನವಾದ, ಶ್ರೀಮಂತ ಸಾಹಿತ್ಯವುಳ್ಳ, 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಪಡೆದ ಭಾಷೆ.’ ಎಲ್ಲ ನಿಜವೇ. ಆದರೆ ಅದನ್ನು ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು ಪೆನ್ಸಿಲ್‌ನಿಂದ ಪಕ್ಕದಲ್ಲಿ ಬರೆದರು: ‘ಸರಿ, ಈ ಕ್ಯಾಂಪಸ್ಸಿನಲ್ಲಿ ಯಾರಿಗೆ ಬೇಕು?’

ಆಮೇಲೆ ನಾನು ಹೀಗೆ ಬದಲಾಯಿಸಿದೆ: ‘ನಮ್ಮ ಇತಿಹಾಸ ವಿಭಾಗದ ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ವಿಜಯನಗರದ ಮೇಲೆ ಕೆಲಸ ಮಾಡುತ್ತಿದ್ದಾರೆ. ಶಾಸನ ಓದಲು ಅವರಿಗೆ ಕನ್ನಡ ಬೇಕು. ಸಾರ್ವಜನಿಕ ಆರೋಗ್ಯ ವಿಭಾಗದ ಒಬ್ಬ ವಿದ್ಯಾರ್ಥಿನಿ ರಾಯಚೂರು ಜಿಲ್ಲೆಯಲ್ಲಿ ತಾಯಂದಿರನ್ನು ಮಾತಾಡಿಸಬೇಕಿದೆ. ಈ ಮೂವರಿಗೂ ಎರಡನೇ ವರ್ಷದ ಕನ್ನಡ ಆದಮೇಲೆ ಕಲಿಯಲು ಇಲ್ಲಿ ಏನೂ ಇಲ್ಲ.’ ಇದರಲ್ಲಿ ಹೊಗಳಿಕೆ ಇಲ್ಲ, ಆದರೆ ಕೆಲಸ ಇದೆ ಅಲ್ವಾ?

ಆ ಆರೋಗ್ಯ ವಿಭಾಗದ ಹುಡುಗಿ ಬೇಸಿಗೆಯಲ್ಲಿ ರಾಯಚೂರಿಗೆ ಹೋಗಿ ಬಂದು, ಕ್ಲಾಸಿನಲ್ಲಿ ಪುಸ್ತಕ ಮುಚ್ಚಿಟ್ಟಳು. ‘ಟೀಚರ್, ಅಲ್ಲಿ ಯಾರೂ ಹೇಗಿದ್ದೀರಿ ಅನ್ನಲ್ಲ, ಹೆಂಗದೀರಿ ಅಂತಾರೆ. ಮೊದಲ ವಾರ ನನಗೆ ಏನೂ ತಿಳಿಯಲಿಲ್ಲ’ ಅಂದಳು. ನಾನು ಕಲಿಸಿದ್ದೆಲ್ಲ ಮೈಸೂರು ಕಡೆಯ ಕನ್ನಡ. ಆ ಮಾತಿನಿಂದಲೇ ನಮ್ಮ ಅರ್ಜಿಯ ಒಂದು ಯೋಜನೆ ಹುಟ್ಟಿತು: ಕಲ್ಯಾಣ ಕರ್ನಾಟಕ, ಧಾರವಾಡ, ಮಂಗಳೂರು ಕಡೆಯ ಮಾತನ್ನು ರೆಕಾರ್ಡ್ ಮಾಡಿ, ಮೂರನೇ ವರ್ಷಕ್ಕೆ ಕೇಳುವ ಪಾಠಗಳನ್ನು ಮಾಡುವುದು. ನಿಮ್ಮ ಕ್ಲಾಸಿನಲ್ಲೂ ಇಂಥ ಮಾತು ಯಾರಾದರೂ ಆಡಿರುತ್ತಾರೆ. ಅದನ್ನು ಅವತ್ತೇ ಬರೆದಿಟ್ಟುಕೊಳ್ಳಿ.

ಸಂಖ್ಯೆ ಕಡಿಮೆ ಅಂತ ಮುಚ್ಚಿಡಬೇಡಿ. ಕ್ಲಾಸಿನಲ್ಲಿ ಐದೇ ಜನ ಇದ್ದರೆ ಐದು ಅಂತಲೇ ಬರೆಯಿರಿ. ಕಳೆದ ಐದು ವರ್ಷದ ಲೆಕ್ಕ ಕೊಡಿ, ಅವರು ಕಲಿತಾದ ಮೇಲೆ ಏನು ಮಾಡುತ್ತಿದ್ದಾರೆ ಅಂತಲೂ ಹೇಳಿ. ಕಡಿಮೆ ಕಲಿಸುವ ಭಾಷೆ ಅಂತಲೇ ಈ ಹಣ ಇರುವುದು.

2008ರಿಂದ ಕಾನೂನು ಇನ್ನೊಂದು ವಿಷಯ ಕೇಳುತ್ತದೆ: ನಿಮ್ಮ ಕೇಂದ್ರದಲ್ಲಿ ಬೇರೆ ಬೇರೆ ಅಭಿಪ್ರಾಯಗಳಿಗೆ ಜಾಗ ಹೇಗೆ ಕೊಡುತ್ತೀರಿ, ದೇಶಕ್ಕೆ ಬೇಕಾದ ಕ್ಷೇತ್ರಗಳಲ್ಲಿ ಕೆಲಸಕ್ಕೆ ಸೇರಲು ವಿದ್ಯಾರ್ಥಿಗಳಿಗೆ ಹೇಗೆ ಉತ್ತೇಜನ ಕೊಡುತ್ತೀರಿ? ಕೊನೇ ಗಳಿಗೆಯಲ್ಲಿ ನಾಲ್ಕು ಸಾಲು ಗೀಚಬೇಡಿ. ಯಾರನ್ನು ಉಪನ್ಯಾಸಕ್ಕೆ ಕರೆದಿದ್ದಿರಿ, ನಿಮ್ಮ ವಿದ್ಯಾರ್ಥಿಗಳು ಯಾವ ಕೆಲಸಕ್ಕೆ ಸೇರಿದರು ಅಂತ ನಿಜವಾದ ವಿವರ ಕೊಡಿ.

ಬಜೆಟ್

ಮೊದಲು ಬಜೆಟ್ ಹಾಳೆ ಮಾಡಿ, ಆಮೇಲೆ ಬರೆಯಿರಿ ಅಂತ ನನ್ನ ಸಲಹೆ. ಬಹಳ ಜನ ಉಲ್ಟಾ ಮಾಡುತ್ತಾರೆ. ಆಗ ವಿವರಣೆಯಲ್ಲಿ ‘ಮೂರು ವಾರದ ಶಿಬಿರ’ ಅಂತ ಇರುತ್ತದೆ, ಬಜೆಟ್‌ನಲ್ಲಿ ಎರಡು ವಾರದ ಸಂಬಳ ಇರುತ್ತದೆ. ಓದುವವರಿಗೆ ಅದು ತಕ್ಷಣ ಕಾಣುತ್ತದೆ.

ಒಂದು ಉದಾಹರಣೆ ನೋಡಿ. ಅರೆಕಾಲಿಕ ಕನ್ನಡ ಲೆಕ್ಚರರ್ ಸಂಬಳ ಮತ್ತು ಸವಲತ್ತು 36,000 ಡಾಲರ್. ರೆಕಾರ್ಡಿಂಗ್, ಪಾಠ ತಯಾರಿ 8,000. ಕನ್ನಡ ಶಾಲೆಯ ಶಿಕ್ಷಕರ ತರಬೇತಿ 4,000. ಕನ್ನಡ ಪುಸ್ತಕಗಳಿಗೆ 2,000. ಒಟ್ಟು 50,000. ಇದರ ಮೇಲೆ ಕಾಲೇಜಿನ ಆಡಳಿತ ವೆಚ್ಚ ಶೇ 8, ಅಂದರೆ 4,000. ಒಟ್ಟು ಕೇಳುವುದು 54,000. ಸಂಶೋಧನಾ ಅನುದಾನಗಳಲ್ಲಿ ಕಾಲೇಜುಗಳು ಈ ವೆಚ್ಚವನ್ನು ತುಂಬಾ ಜಾಸ್ತಿ ಹಾಕುತ್ತವೆ. ಇಲ್ಲಿ ಶೇ 8 ದಾಟುವಂತಿಲ್ಲ. ನಿಮ್ಮ ಅಕೌಂಟ್ಸ್ ಆಫೀಸಿಗೆ ಇದನ್ನು ಮೊದಲೇ ತಿಳಿಸಿ, ಕೊನೇ ದಿನ ವಾದ ಆಗುವುದು ತಪ್ಪುತ್ತದೆ.

ಲೆಕ್ಚರರ್ ಸಂಬಳವನ್ನು ನಾಲ್ಕೂ ವರ್ಷ ಪೂರ್ತಿ ಅನುದಾನದಿಂದಲೇ ಕೇಳಬೇಡಿ. ಮೊದಲ ವರ್ಷ ಪೂರ್ತಿ, ಎರಡನೇ ವರ್ಷ ಮುಕ್ಕಾಲು, ಮೂರನೇ ವರ್ಷ ಅರ್ಧ, ನಾಲ್ಕನೇ ವರ್ಷ ಕಾಲು ಅಂತ ಇಳಿಸುತ್ತಾ ಹೋಗಿ. ಉಳಿದದ್ದು ನಮ್ಮದು ಅಂತ ಡೀನ್ ಅವರಿಂದ ಪತ್ರ ಬರೆಸಿಕೊಳ್ಳಿ. ಆ ಪತ್ರದಲ್ಲಿ ಮೊತ್ತ ಇರಬೇಕು, ವರ್ಷ ಇರಬೇಕು. ‘ಕನ್ನಡಕ್ಕೆ ನಮ್ಮ ಪೂರ್ಣ ಬೆಂಬಲವಿದೆ’ ಅಂತ ಸುಮ್ನೆ ಬರೆದ ಪತ್ರದಿಂದ ಪ್ರಯೋಜನವಿಲ್ಲ. ನಾನು ಈ ವಿಷಯದಲ್ಲಿ ಹಟ ಹಿಡಿಯುತ್ತೇನೆ. ಅನುದಾನ ಮುಗಿದ ದಿನ ಕ್ಲಾಸೂ ಮುಗಿದದ್ದನ್ನು ನೋಡಿದ್ದೇನೆ. ಎರಡು ವರ್ಷ ಕಲಿತ ಮಕ್ಕಳಿಗೆ ಮೂರನೇ ವರ್ಷ ಮೇಷ್ಟ್ರೇ ಇರಲಿಲ್ಲ.

ಮೌಲ್ಯಮಾಪನಕ್ಕೆ ಜಾಸ್ತಿ ಪುಟ ಬೇಡ. ಎರಡನೇ ವರ್ಷದ ಕೊನೆಗೆ ವಿದ್ಯಾರ್ಥಿ ಏನು ಮಾಡಬಲ್ಲ ಅಂತ ಹೇಳಿ: ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸುವುದು, ಪತ್ರಿಕೆಯ ಒಂದು ಸುದ್ದಿ ಓದಿ ಹೇಳುವುದು. ಅದನ್ನು ಯಾರು, ಯಾವಾಗ, ಹೇಗೆ ಪರೀಕ್ಷೆ ಮಾಡುತ್ತಾರೆ ಅಂತ ಬರೆಯಿರಿ. ಪಾಠ ಮಾಡಿದವರೇ ಪರೀಕ್ಷೆ ಮಾಡಬಾರದು, ಹೊರಗಿನವರಿರಲಿ.

ಕಳಿಸುವ ದಿನ

ಡೆಡ್‌ಲೈನ್ ಅಮೆರಿಕದ ಪೂರ್ವ ಭಾಗದ ಸಮಯದ ಲೆಕ್ಕದಲ್ಲಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಮೂರು ಗಂಟೆ ಕಡಿಮೆ. ಕಡತಗಳನ್ನು ಪಿಡಿಎಫ್ ಮಾಡಿ, ಹೆಸರಿನಲ್ಲಿ ವಿಚಿತ್ರ ಚಿಹ್ನೆ ಬೇಡ. ಎರಡು ದಿನ ಮೊದಲೇ ಕಳಿಸಿ. ಬಂದು ತಲುಪಿದೆ ಅಂತ ಒಂದು ಮೇಲ್ ಬರುತ್ತದೆ. ಅಷ್ಟಕ್ಕೇ ಲ್ಯಾಪ್‌ಟಾಪ್ ಮುಚ್ಚಬೇಡಿ. ಎಲ್ಲ ಸರಿಯಿದೆ ಅಂತ ಪರಿಶೀಲನೆಯ ಇನ್ನೊಂದು ಮೇಲ್ ಬರಬೇಕು. ತಪ್ಪಿದೆ ಅಂತ ಬಂದರೆ ತಿದ್ದಿ ಮತ್ತೆ ಕಳಿಸಲು ಆ ಎರಡು ದಿನ ಬೇಕಾಗುತ್ತದೆ.

ಸಿಗದಿದ್ದರೂ ಪರಿಶೀಲಕರ ಟಿಪ್ಪಣಿಗಳು ಸಿಗುತ್ತವೆ. ಬರದಿದ್ದರೆ ಇಲಾಖೆಗೆ ಬರೆದು ತರಿಸಿಕೊಳ್ಳಿ. ಮೊದಲ ದಿನ ಓದಬೇಡಿ, ಬೇಜಾರಾಗುತ್ತದೆ. ಒಂದು ವಾರ ಬಿಟ್ಟು, ಪೆನ್ಸಿಲ್ ಹಿಡಿದು, ಅಂಕ ಕಳೆದ ಪ್ರತಿ ಜಾಗಕ್ಕೂ ಒಂದು ಗೆರೆ ಎಳೆಯಿರಿ. ನಮ್ಮ ಮೊದಲ ಅರ್ಜಿಯಲ್ಲಿ ಅಂಥ ಗೆರೆ ಹನ್ನೊಂದು ಬಿದ್ದಿತ್ತು, ಅದರಲ್ಲಿ ಏಳು ಬಜೆಟ್‌ನದೇ. ಮುಂದಿನ ಸುತ್ತಿಗೆ ನಾವು ಶುರು ಮಾಡಿದ್ದು ಆ ಏಳರಿಂದ.