ಸಿಮ್‌ನಲ್ಲಿ 1967ರ ಲೋಟಸ್ 49 ಕಟ್ಟುವುದು: ತಾರೀಖಿನಿಂದ ಟೈರ್‌ವರೆಗೆ

ಸಿಮ್‌ಗೆ, ಅಂದರೆ ನಿಜದಂತೆ ಓಡಿಸುವ ಕಂಪ್ಯೂಟರ್ ರೇಸ್ ಆಟಕ್ಕೆ, ಹಳೆಯ ಗ್ರ್ಯಾನ್ ಪ್ರಿ ರೇಸ್ ಕಾರು ಕಟ್ಟಲು ಕೂತವರು ಮೊದಲ ದಿನವೇ 3ಡಿ ಮಾದರಿ ಮಾಡುವ ಬ್ಲೆಂಡರ್ ತಂತ್ರಾಂಶ ತೆರೆದು ಬಾಡಿ ಎಳೆಯತೊಡಗುತ್ತಾರೆ. ಅದಕ್ಕೂ ಮುಂಚೆ ಒಂದು ತಾರೀಖು ಗೊತ್ತು ಮಾಡಿಕೊಳ್ಳಿ. ‘ಲೋಟಸ್ 49’ ಎಂದಷ್ಟೇ ಅಂದರೆ ಸಾಲದು. 1967ರ ಜೂನ್ 4, ನೆದರ್ಲೆಂಡ್ಸಿನ ಝಾಂಡ್‌ವೋರ್ಟ್ ಟ್ರ್ಯಾಕ್, 5ನೇ ನಂಬರು, ಜಿಮ್ ಕ್ಲಾರ್ಕ್ ಗೆದ್ದ ಕಾರು ಎನ್ನುವಷ್ಟು ಖಚಿತವಾಗಿರಬೇಕು. ಇದೇ ಕಾರು ಮರುವರ್ಷ ಹಸಿರು ಬಿಟ್ಟು ಸಿಗರೇಟ್ ಕಂಪನಿಯ ಕೆಂಪು, ಕೆನೆ, ಚಿನ್ನದ ಬಣ್ಣಕ್ಕೆ ಬಂತು. 1968ರಲ್ಲೇ ರೆಕ್ಕೆಗಳು ಬಂದವು, 1969ರ ಮೊನಾಕೊದಲ್ಲಿ ಎತ್ತರದ ರೆಕ್ಕೆಗೆ ನಿಷೇಧ ಬಿತ್ತು, ಆಮೇಲೆ ಕನಿಷ್ಠ ತೂಕವೂ 500ರಿಂದ 530 ಕೆಜಿಗೆ ಏರಿತು. ಇವನ್ನೆಲ್ಲ ಕಲಸಿದರೆ ಎಂದೂ ಓಡದ ಕಾರು ಹುಟ್ಟುತ್ತದೆ.

ಡ್ರೈವರ್ ಬೊಂಬೆಗೂ ಇದೇ ಮಾತು. 1967ರಲ್ಲಿ ಮುಖ ತೆರೆದ ಹೆಲ್ಮೆಟ್, ಮೇಲೆ ಕನ್ನಡಕ. ಮುಖ ಮುಚ್ಚುವ ಹೆಲ್ಮೆಟ್ಟನ್ನು ರೇಸರ್ ಡ್ಯಾನ್ ಗರ್ನಿ ಹಾಕಿಕೊಂಡು ಬಂದದ್ದು 1968ರಲ್ಲಿ. ಸೀಟ್ ಬೆಲ್ಟ್ ಕಡ್ಡಾಯವಾದದ್ದು 1972ರಲ್ಲಿ. ತಿಳಿದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಇಲ್ಲಿ ಹೇಳುವುದೆಲ್ಲ ಅಸೆಟ್ಟೊ ಕೋರ್ಸಾ ಆಟಕ್ಕೆ. ಅದರಲ್ಲಿ ಲೋಟಸ್ 49 ಈಗಾಗಲೇ ಇದೆಯಲ್ಲ ಎನ್ನಬಹುದು. ಇದೆ, ಅದಕ್ಕೇ ಕಲಿಯಲು ಇದೇ ಒಳ್ಳೆಯದು: ನಿಮ್ಮ ಲೆಕ್ಕವನ್ನು ತಾಳೆ ನೋಡಲು ಪಕ್ಕದಲ್ಲೇ ಒಂದು ಕಾರು ಸಿಗುತ್ತದೆ. ಕೈ ಪಳಗಿದ ಮೇಲೆ ಯಾರೂ ಮುಟ್ಟದ ಕಾರಿಗೆ ಹೋಗಿ.

ಅಳತೆ

ವೀಲ್‌ಬೇಸ್ 2413 ಮಿಮೀ. ಪಕ್ಕದಿಂದ, ದೂರ ನಿಂತು ಉದ್ದ ಲೆನ್ಸಿನಲ್ಲಿ ತೆಗೆದ ಫೋಟೊ ಹುಡುಕಿ ಬ್ಲೆಂಡರಿನಲ್ಲಿ ಹಿನ್ನೆಲೆಯಾಗಿ ಇಡಿ. ಎರಡೂ ಚಕ್ರಗಳ ನಡುಬಿಂದುವಿನ ಅಂತರ 2.413 ಮೀಟರ್ ಬರುವಂತೆ ಹಿಗ್ಗಿಸಿ. ಹತ್ತಿರದಿಂದ ತೆಗೆದ ಫೋಟೊ ಬೇಡ. ಮುಂದಿನ ಚಕ್ರ ಒಂದಳತೆ, ಹಿಂದಿನದು ಇನ್ನೊಂದಳತೆ ಆಗಿರುತ್ತದೆ.

ಸರಿಯಾಗಿದೆಯೇ ಎಂದು ನೋಡಲು ರಿಮ್ ಬಳಸಿ. 15 ಇಂಚಿನ ರಿಮ್ ಅಂದರೆ 381 ಮಿಮೀ, ಆದರೆ ಅದು ಟೈರ್ ಕೂರುವ ಜಾಗದ ವ್ಯಾಸ. ಫೋಟೊದಲ್ಲಿ ಕಾಣುವುದು ಹೊರ ಅಂಚು. ಅದು ಸುಮಾರು 415 ಮಿಮೀ. ಇದನ್ನು ಮರೆತು ಅಂಚನ್ನೇ 381ಕ್ಕೆ ಕೂರಿಸಿದರೆ ಇಡೀ ಕಾರು ಎಂಟು ಶೇಕಡಾ ಕುಗ್ಗುತ್ತದೆ.

ತೂಕ, ಸ್ಪ್ರಿಂಗ್

ಕಾರಿನ ತೂಕ ಸುಮಾರು 501 ಕೆಜಿ. ಆಟದ ‘ಟೋಟಲ್ ಮಾಸ್’ನಲ್ಲಿ ಡ್ರೈವರ್ ಸೇರಬೇಕು, ಪೆಟ್ರೋಲ್ ಸೇರಬಾರದು, ಅಲ್ಲಿಗೆ 75 ಕೆಜಿ ಕೂಡಿಸಿ 576. ಪೆಟ್ರೋಲನ್ನೂ ಇಲ್ಲೇ ಕೂಡಿಸಿದರೆ ಎರಡು ಸಲ ಲೆಕ್ಕವಾಗಿ ಕಾರು ಭಾರ ಎಳೆಯುತ್ತದೆ. ತೂಕದಲ್ಲಿ ಮುಂದಿನ ಚಕ್ರಗಳ ಪಾಲು 0.40ರಿಂದ ಶುರು ಮಾಡಿ, ಎಂಜಿನ್ ಹಿಂದಿರುವ ಕಾರಿದು.

ಹೆಚ್ಚಿನವರು ಎಡವುವುದು ಸ್ಪ್ರಿಂಗಿನಲ್ಲಿ. ಹಳೆಯ ಕಡತಗಳಲ್ಲಿ ಸ್ಪ್ರಿಂಗ್ ಲೆಕ್ಕ ಇಂಚಿಗೆ ಇಷ್ಟು ಪೌಂಡ್ ಎಂದಿರುತ್ತದೆ. ಆಟ ಕೇಳುವುದು ಮೀಟರಿಗೆ ಇಷ್ಟು ನ್ಯೂಟನ್, ಅದೂ ಚಕ್ರದ ಬಳಿ. ಲೋಟಸ್ 49ರ ಮುಂದಿನ ಸ್ಪ್ರಿಂಗ್ ಬಾಡಿಯ ಒಳಗಿದೆ, ಮೇಲಿನ ತೋಳು ಸನ್ನೆಯಂತೆ ಅದನ್ನು ಒತ್ತುತ್ತದೆ. ಆದ್ದರಿಂದ ಚಕ್ರ ಚಲಿಸಿದಷ್ಟು ಸ್ಪ್ರಿಂಗ್ ಚಲಿಸುವುದಿಲ್ಲ. ಉದಾಹರಣೆಗೆ 200 ಪೌಂಡಿನ ಸ್ಪ್ರಿಂಗ್ ಎಂದಿಟ್ಟುಕೊಳ್ಳಿ. ಮೀಟರಿಗೆ ನ್ಯೂಟನ್ ಆಗಲು 175.1ರಿಂದ ಗುಣಿಸಿದರೆ ಸುಮಾರು 35,000. ಚಕ್ರ 10 ಮಿಮೀ ಎದ್ದಾಗ ಸ್ಪ್ರಿಂಗ್ 6 ಮಿಮೀ ಒತ್ತಿದರೆ ಅನುಪಾತ 0.6, ಅದರ ವರ್ಗ 0.36. ಚಕ್ರದ ಬಳಿ ಉಳಿಯುವುದು 12,600. ವರ್ಗ ಮಾಡದೆ ಬರೀ 0.6ರಿಂದ ಗುಣಿಸುವುದು, ಇಲ್ಲವೇ 35,000ವನ್ನೇ ಹಾಕಿಬಿಡುವುದು — ಎರಡೂ ದಿನನಿತ್ಯದ ತಪ್ಪುಗಳು. ಕಾರು ತಿರುವಿನಲ್ಲಿ ಕುಪ್ಪಳಿಸಿದರೆ ಟೈರನ್ನು ಬೈಯುವ ಮೊದಲು ಇಲ್ಲಿ ನೋಡಿ.

ಶಾಕ್ ಅಬ್ಸಾರ್ಬರಿಗೂ ಇದೇ ಸಂಖ್ಯೆ ಆಧಾರ. ಮುಂದಿನ ಒಂದು ಮೂಲೆಯ ಮೇಲೆ 100 ಕೆಜಿ ಕೂತಿದ್ದರೆ 12,600 × 100ರ ವರ್ಗಮೂಲದ ಎರಡರಷ್ಟು, ಅಂದರೆ 2,245. ಅದರ ಅರ್ಧದಿಂದ, 1,100ರಿಂದ ಶುರು ಮಾಡಿ. ಈ ಸ್ಪ್ರಿಂಗಿನಲ್ಲಿ ಕಾರು ಸೆಕೆಂಡಿಗೆ 1.8 ಸಲ ತೂಗುತ್ತದೆ. ರೆಕ್ಕೆ ಇಲ್ಲದ ಕಾಲದ ಕಾರಿಗೆ ಒಪ್ಪುವ ಲೆಕ್ಕ. ಮೂರರ ಮೇಲೆ ಹೋದರೆ ಎಲ್ಲೋ ತಪ್ಪಿದೆ.

ಇನ್ನೊಂದು: ಕಾರು ನೆಲದಿಂದ ತೇಲುವಂತೆ ಕಂಡರೆ ಸಸ್ಪೆನ್ಶನ್ ಫೈಲಿನ ‘ಬೇಸ್ ವೈ’ ಬದಲಿಸಬೇಡಿ. ಅದು ಚಕ್ರದ ನಡುಬಿಂದುವಿನಿಂದ ಗುರುತ್ವ ಕೇಂದ್ರದ ಎತ್ತರ. ನೋಟಕ್ಕೆ ‘ಗ್ರಾಫಿಕ್ಸ್ ಆಫ್‌ಸೆಟ್’ ಬೇರೆಯೇ ಇದೆ.

ಎಂಜಿನ್

ಕಾಸ್‌ವರ್ತ್ ಡಿಎಫ್‌ವಿ, 2993 ಸಿಸಿ, ನಿಮಿಷಕ್ಕೆ 9000 ಸುತ್ತಿನಲ್ಲಿ ಸುಮಾರು 400 ಅಶ್ವಶಕ್ತಿ. ಟಾರ್ಕ್ ಬೇಕಾದರೆ ಅಶ್ವಶಕ್ತಿಯನ್ನು 7121ರಿಂದ ಗುಣಿಸಿ ಸುತ್ತಿನಿಂದ ಭಾಗಿಸಿ: 316 ನ್ಯೂಟನ್ ಮೀಟರ್. ಗೇರ್‌ಬಾಕ್ಸಿನಲ್ಲಿ ಸೋರುವ ಶಕ್ತಿಯನ್ನು ಆಟ ಕಳೆಯುವುದಿಲ್ಲ, ನೀವೇ ಹನ್ನೆರಡು ಶೇಕಡಾ ಕಡಿಮೆ ಮಾಡಿ 278 ಬರೆಯಿರಿ. ಮೊದಲ ವರ್ಷದ ಡಿಎಫ್‌ವಿ 6500 ಸುತ್ತಿನ ಆಸುಪಾಸಿನಲ್ಲಿ ಒಮ್ಮೆಲೇ ಒದೆಯುತ್ತಿತ್ತು. ಪವರ್ ಪಟ್ಟಿಯಲ್ಲಿ 6000 ಮತ್ತು 7000ದ ನಡುವೆ ಆ ಮೆಟ್ಟಿಲು ಕಾಣಬೇಕು. ನುಣುಪಾದ ಗೆರೆ ಎಳೆದರೆ ಕಾರಿನ ಸ್ವಭಾವವೇ ಹೋಯಿತು. ಆ ಒದೆತ ಪಳಗಿಸಲು ಆಮೇಲೆ ಆಕ್ಸಿಲರೇಟರ್ ಜೋಡಣೆಯನ್ನೇ ಬದಲಿಸಿದರು. ವರ್ಷದ ಕೊನೆಯ ಕಾರು ಕಟ್ಟುವವರು ಅದನ್ನು ಥ್ರಾಟಲ್ ಪಟ್ಟಿಯಲ್ಲಿ ತರಬಹುದು: ಪೆಡಲ್ ಅರ್ಧ ಒತ್ತಿದಾಗ ಎಂಜಿನ್ ಮೂರನೇ ಒಂದು ಭಾಗ ಮಾತ್ರ ತೆರೆಯಲಿ.

ಗೇರ್‌ಬಾಕ್ಸ್ ಝಡ್‌ಎಫ್ ಕಂಪನಿಯ ಐದು ಗೇರಿನದು. ಟ್ರ್ಯಾಕಿನ ಬಳಿ ಇದರ ಹಲ್ಲು ಬದಲಿಸುವುದು ಸುಲಭವಿರಲಿಲ್ಲ, ಹಾಗಾಗಿ ಸೆಟಪ್ಪಿನಲ್ಲಿ ಗೇರ್ ಆಯ್ಕೆ ಕೊಡಬೇಡಿ. ವೇಗ ಸರಿಯಿದೆಯೇ ನೋಡುವುದು ಹೀಗೆ: ಟೈರ್ ತ್ರಿಜ್ಯ 0.33 ಮೀಟರ್ ಆದರೆ ಒಂದು ಸುತ್ತಿಗೆ 2.07 ಮೀಟರ್, ಒಟ್ಟು ಅನುಪಾತ 4 ಇದ್ದು ಎಂಜಿನ್ 9000 ಸುತ್ತಿದರೆ ಗಂಟೆಗೆ 280 ಕಿಮೀ.

ಟೈರ್

ಸಮಯದ ಬಹುಪಾಲು ಇಲ್ಲೇ ಹೋಗುತ್ತದೆ. ಇವು ಕ್ರಾಸ್‌ಪ್ಲೈ ಟೈರ್, ಒಳಪದರದ ನೂಲುಗಳು ಓರೆಯಾಗಿ ಒಂದನ್ನೊಂದು ದಾಟುವ ಹಳೆಯ ಬಗೆ. ಆಧುನಿಕ ರೇಡಿಯಲ್ ಐದಾರು ಡಿಗ್ರಿ ಜಾರಿದಾಗ ಪೂರ್ತಿ ಹಿಡಿತ ಕೊಟ್ಟು ಬೇಗ ಕೈಬಿಟ್ಟರೆ, ಇವು ಎಂಟೊಂಬತ್ತು ಡಿಗ್ರಿವರೆಗೆ ಹೋಗಿ ನಿಧಾನಕ್ಕೆ ಬಿಡುತ್ತವೆ. ಮುಂಗಾರಿಗೆ ಮೊದಲಿನ ಎರೆ ಹೊಲದ ಧೂಳು ದಾರಿಯಲ್ಲಿ ಟ್ರ್ಯಾಕ್ಟರ್ ಅಡ್ಡಡ್ಡ ಸರಿದುಕೊಂಡೇ ಮುಂದೆ ಹೋಗುತ್ತದಲ್ಲ, ಆ ನಡೆ ಬರಬೇಕು. ಜಾರಿದ ಕೂಡಲೇ ಗಿರಕಿ ಹೊಡೆದರೆ ಟೈರ್ ಫೈಲಿನಲ್ಲಿ ಈ ಜಾರುವ ಕೋನ ಕಡಿಮೆಯಾಗಿದೆ. ಸ್ಟಿಯರಿಂಗ್ ಬೆಣ್ಣೆಯಾದರೆ ಹೆಚ್ಚಾಗಿದೆ.

ತೀರ್ಪು ಗಡಿಯಾರದ್ದು. ಆ ಝಾಂಡ್‌ವೋರ್ಟ್ ರೇಸಿಗೆ ಕ್ಲಾರ್ಕ್ ತಂಡದವನೇ ಆದ ಗ್ರಹಾಂ ಹಿಲ್ ಪೋಲ್ (ಮೊದಲ ಸ್ಥಾನದಿಂದ ಹೊರಡಲು ರೇಸಿಗೆ ಮುಂಚೆ ಓಡಿಸಿದ ಸುತ್ತು) 1 ನಿಮಿಷ 24.6 ಸೆಕೆಂಡ್, ರೇಸಿನಲ್ಲಿ ಕ್ಲಾರ್ಕ್ ಅತಿ ವೇಗದ ಸುತ್ತು 1 ನಿಮಿಷ 28.08. ಇದು ಹಳೆಯ 4.193 ಕಿಮೀ ಝಾಂಡ್‌ವೋರ್ಟಿನ ಲೆಕ್ಕ, ಈಗಿನ ಟ್ರ್ಯಾಕಿನಲ್ಲಿ ಹೋಲಿಸಬೇಡಿ. ನೀವು 1 ನಿಮಿಷ 20ಕ್ಕೆ ಬಂದರೆ ನೀವು ಕ್ಲಾರ್ಕ್‌ಗಿಂತ ಜಾಣರೆಂದಲ್ಲ, ಟೈರ್ ಹಿಡಿತ ಜಾಸ್ತಿಯಾಗಿದೆ ಎಂದು. ಪ್ರತಿ ಸಲವೂ ಒಂದೇ ಹವೆ, ಒಂದೇ ಪೆಟ್ರೋಲ್ ಇಟ್ಟು ಪರೀಕ್ಷಿಸಿ. ಟ್ರ್ಯಾಕ್ ಉತ್ತರ ಸಮುದ್ರದ ದಂಡೆಯಲ್ಲಿದೆ. ಆಟದ ಉಷ್ಣತೆಗೆ ರಾಯಚೂರಿನ ಮೇ ತಿಂಗಳು ಬೇಡ, 20 ಡಿಗ್ರಿ ಸಾಕು.

ನಮ್ಮ ಕಡೆಯ ಮಾತು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಯಲ್ಲೇ ಕಂಪ್ಯೂಟರ್ ಇದ್ದರೆ ನೀಲಿ ನೂಲಿನ ಧೂಳು ಫ್ಯಾನಿಗೆ ಮೆತ್ತಿಕೊಂಡು, ಬೇಸಿಗೆಯಲ್ಲಿ ಯಂತ್ರ ಕಾದು ಸೆಕೆಂಡಿಗೆ ಮೂಡುವ ಫ್ರೇಮುಗಳು (ಚಿತ್ರಗಳು) ಕಡಿಮೆಯಾಗುತ್ತವೆ. ಆಗ ಸ್ಟಿಯರಿಂಗ್ ತಡವಾದಂತೆ ಅನ್ನಿಸಿ ಇಲ್ಲದ ತಪ್ಪನ್ನು ಟೈರ್ ಫೈಲಿನಲ್ಲಿ ಹುಡುಕುತ್ತೀರಿ. ತಿಂಗಳಿಗೊಮ್ಮೆ ಬ್ರಷ್ ಆಡಿಸಿ. ಕರೆಂಟ್ ಹೋಗುವುದಂತೂ ಇದ್ದದ್ದೇ. ಯುಪಿಎಸ್ ಜೊತೆಗೆ ಬ್ಲೆಂಡರಿನ ಆಟೋಸೇವ್ ಒಂದು ನಿಮಿಷಕ್ಕಿಳಿಸಿ. ಸೀಟು, ಸ್ಟಿಯರಿಂಗ್ ಕೂರಿಸಲು ವೆಲ್ಡಿಂಗ್ ಶಾಪಿನಲ್ಲಿ 40 ಮಿಮೀ ಚೌಕ ಪೈಪು, 2 ಮಿಮೀ ದಪ್ಪದ್ದು ಕೇಳಿ. ತೆಳುವಾದರೆ ಬ್ರೇಕ್ ಒತ್ತಿದಾಗ ಬಾಗುತ್ತದೆ.

ಕೊನೆಗೆ ಬಾಡಿ. ಆಟಕ್ಕೆ ಕಳಿಸುವಾಗ ಚಕ್ರಗಳ ಹೆಸರು ನಾಲ್ಕೂ ಆಟ ಕೇಳುವ ರೀತಿಯಲ್ಲೇ, ದೊಡ್ಡಕ್ಷರದಲ್ಲಿರಲಿ. ಒಂದಕ್ಷರ ತಪ್ಪಿದರೂ ಆ ಚಕ್ರ ತಿರುಗುವುದಿಲ್ಲ. ಡಿಕ್ಕಿ ಲೆಕ್ಕಕ್ಕೆ ಬೇಕಾದ ಕೊಲೈಡರ್ ಒಂದೇ ತುಂಡಿನ ಸರಳ ಪೆಟ್ಟಿಗೆಯಾಗಿರಲಿ. ಎಷ್ಟು ಸಂಖ್ಯೆ ಬದಲಿಸಿದರೂ ಕಾರಿನ ನಡೆ ಬದಲಾಗುತ್ತಿಲ್ಲವೇ? ಫೋಲ್ಡರಿನಲ್ಲಿ ‘ಡೇಟಾ’ ಕಡತಗಳ ಜೊತೆ ಎಸಿಡಿ ಎಂಬ ಕಟ್ಟಿಟ್ಟ ಫೈಲೂ ಉಳಿದಿರುತ್ತದೆ. ಆಟ ಓದುವುದು ಅದನ್ನೇ. ತೆಗೆದುಹಾಕಿ ಮತ್ತೆ ಓಡಿಸಿ ನೋಡಿ.