ಹಳೆಯ ಪಾದ್ರಿ ಮನೆಯ ವಯಸ್ಸನ್ನು ಹಿತ್ತಲಿನಿಂದ ತಿಳಿಯುವ ಬಗೆ

ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯಲ್ಲಿ, ಹಿಂದೆ ಪಾದ್ರಿಗಳು ವಾಸವಿದ್ದು ಈಗ ಉಗ್ರಾಣವಾಗಿಯೋ ತರಗತಿಯ ಕೋಣೆಯಾಗಿಯೋ ಬಳಕೆಯಾಗುವ ಹಳೆಯ ಮನೆಗಳು ಇಗರ್ಜಿಗಳ ಪಕ್ಕದಲ್ಲಿ ಕಾಣಸಿಗುತ್ತವೆ. ಅವುಗಳನ್ನು ದಾಖಲಿಸಲು ಹೊರಟವರು ಸಾಮಾನ್ಯವಾಗಿ ಮುಂಬಾಗಿಲಿನಿಂದ ಆರಂಭಿಸುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಮುಂಭಾಗಕ್ಕೆ ಕಾಲಕಾಲಕ್ಕೆ ಹೊಸ ಗಾರೆ, ಹೊಸ ನೆಲ, ಹೊಸ ಬಣ್ಣ ಬಂದಿರುತ್ತವೆ. ಹಿತ್ತಲಿನ ಅಡುಗೆಮನೆ, ಬಚ್ಚಲು, ಕೊಟ್ಟಿಗೆಗಳಿಗೆ ಯಾರೂ ಅಷ್ಟು ಖರ್ಚು ಮಾಡಿರುವುದಿಲ್ಲ. ಆದ್ದರಿಂದ ಧರ್ಮಕೇಂದ್ರದ ಗುರುಗಳ ಅನುಮತಿ ಪಡೆದು ನೇರವಾಗಿ ಹಿತ್ತಲಿಗೆ ಹೋಗಬೇಕು.

ಮೊದಲು ಕೊಟ್ಟಿಗೆಯಲ್ಲಿ ಗಾರೆ ಉದುರಿದ ಜಾಗವನ್ನು ಹುಡುಕಿ. ಅಲ್ಲಿ ಕಾಣುವ ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ಮೈಮೇಲೆ ಓರೆಯಾದ, ಒಂದರಂತೆ ಇನ್ನೊಂದಿಲ್ಲದ ಗೀರುಗಳಿದ್ದರೆ ಅದು ಕೈಯಿಂದ ಕಡಿದ ಕಲ್ಲು. ಒಂದೇ ಅಂತರದ ಬಿಲ್ಲಿನಂಥ ಗೆರೆಗಳಿದ್ದರೆ ಯಂತ್ರ ಕೊಯ್ದ ಕಲ್ಲು, ಅಂದರೆ ಇತ್ತೀಚಿನ ಸೇರ್ಪಡೆ. ಬಳಿಕ ಕಲ್ಲುಗಳ ಸಂದನ್ನು ಮೊಳೆಯಿಂದ ಮೆಲ್ಲಗೆ ಗೀರಿ ನೋಡಿ. ಸುಣ್ಣದ ಗಾರೆಯಾದರೆ ಬಿಳಿ ಪುಡಿಯಾಗಿ ಉದುರುತ್ತದೆ, ಕೆಲವೊಮ್ಮೆ ಅದರಲ್ಲಿ ಸುಣ್ಣಕ್ಕೆಂದು ಸುಟ್ಟಾಗ ಸರಿಯಾಗಿ ಬೇಯದ ಚಿಪ್ಪಿನ ಚೂರುಗಳೂ ಸಿಗುತ್ತವೆ. ಸಿಮೆಂಟಾದರೆ ಮೊಳೆಯೇ ಸವೆಯುತ್ತದೆ. ಸಂದಿನಲ್ಲಿ ಸುಣ್ಣವಿದ್ದು ಮೇಲ್ಮೈಯಲ್ಲಿ ಮಾತ್ರ ಸಿಮೆಂಟಿದ್ದರೆ ಗೋಡೆ ಹಳೆಯದು, ಮೇಲಿನ ಲೇಪನ ಆಮೇಲಿನದು. ಪರೀಕ್ಷೆಗೆಂದು ಗಟ್ಟಿಯಾಗಿರುವ ಗಾರೆಯನ್ನು ಕೆತ್ತಿ ತೆಗೆಯಬಾರದು.

ಎರಡು ಕಟ್ಟಡಗಳು ಕೂಡುವ ಮೂಲೆಯನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡುವುದು ಒಳ್ಳೆಯದು. ಒಟ್ಟಿಗೆ ಕಟ್ಟಿದ ಗೋಡೆಗಳಾದರೆ ಕಲ್ಲಿನ ವರಸೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬುಡದಿಂದ ತುದಿಯವರೆಗೆ ನೆಟ್ಟಗೆ ಒಂದೇ ಸಂದು ಓಡಿದ್ದರೆ ಒಂದು ಗೋಡೆ ಇನ್ನೊಂದಕ್ಕೆ ತರುವಾಯ ಆತುಕೊಂಡಿದೆ ಎಂದರ್ಥ.

ಮಾಡಿನ, ಅಂದರೆ ಛಾವಣಿಯ, ವಿಷಯದಲ್ಲಿ ಎಚ್ಚರವಿರಲಿ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅದಕ್ಕಿಂತ ಹಿಂದಿನ ಮನೆಗೆ ಮಂಗಳೂರು ಹೆಂಚು ಹೊದಿಸಿದ್ದರೆ ಮೊದಲು ಅಲ್ಲಿ ಸೋಗೆಯೋ ನಾಡಹೆಂಚೋ ಇದ್ದಿರಬೇಕು. ಹೆಂಚಿನ ಮೇಲೆ ಒತ್ತಿದ ಇಸವಿಯನ್ನೇ ಮನೆಯ ಇಸವಿಯೆಂದು ಬರೆದುಕೊಂಡು ನಾನೊಮ್ಮೆ ನಗೆಪಾಟಲಾಗಿದ್ದೇನೆ. ಅದು ಕಾರ್ಖಾನೆ ಹುಟ್ಟಿದ ವರ್ಷವೂ ಆಗಿರಬಹುದು, ಮಾಡು ಬಿಚ್ಚಿ ಹೊದಿಸುವಾಗ ಬೇರೆ ಮನೆಯ ಹೆಂಚು ಬಂದಿರಲೂಬಹುದು. ಹೆಂಚಿಗಿಂತ ಪಕಾಸಿಗಳನ್ನು, ಅಂದರೆ ಮಾಡನ್ನು ಹೊರುವ ಇಳಿಜಾರು ಮರಗಳನ್ನು, ನಂಬಿ. ಬೆಂಕಿಯ ಭಯದಿಂದ ದೂರ ಕಟ್ಟಿದ ಅಡುಗೆಮನೆಯಲ್ಲಿ ಟಾರ್ಚ್ ಹಾಯಿಸಿದರೆ ಹಳೆಯ ಪಕಾಸಿ ಹೊಗೆಯ ಇಲ್ಲಣ ಹಿಡಿದು ಕಪ್ಪಾಗಿ ಮಿನುಗುತ್ತದೆ, ಪಕ್ಕದಲ್ಲೇ ಬದಲಾಯಿಸಿದ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಮರದ ಬಣ್ಣದಲ್ಲೇ ಇರುತ್ತದೆ. ಬಳಕೆಯಾಗದ ಕೊರೆತದ ಗುರುತುಗಳಿದ್ದರೆ ಆ ಮರ ಇನ್ನೊಂದು ಕಟ್ಟಡದಿಂದ ಬಂದದ್ದು.

ಪಡುವಣ ಗೋಡೆಯ ಹೊರಮೈಯಲ್ಲಿ ಸಾಲಾಗಿ ಗೂಟದ ತೂತುಗಳಿವೆಯೇ ಎಂಬುದನ್ನೂ ಗಮನಿಸಿ. ಮಳೆಗಾಲದ ಇರಚಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದ ಗುರುತು ಅದಾಗಿರಬಹುದು.

ಇಷ್ಟಾದ ಮೇಲೆ ದೊಡ್ಡ ಮನೆಗೆ ಬಂದು, ಹಿತ್ತಲಿನಲ್ಲಿ ಕಂಡ ಕಲ್ಲು, ಗಾರೆ, ಮರಗಳಿಗೆ ಹೊಂದುವ ಭಾಗ ಯಾವುದು ಎಂದು ಹುಡುಕಬೇಕು. ಬಾವಿಯನ್ನೂ ಸೇರಿಸಿ ಇಡೀ ಹಿತ್ತಲಿನ ನಕ್ಷೆ ಬರೆದು, ಒಂದೊಂದು ಹಂತಕ್ಕೆ ಒಂದೊಂದು ಬಣ್ಣ ಕೊಡಿ. ಕಾಗದಪತ್ರ ಹುಡುಕುವವರು ಒಂದು ಇಸವಿಯನ್ನು ನೆನಪಿನಲ್ಲಿಡಬೇಕು: ಈ ಕರಾವಳಿಯಿರುವ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಆದ್ದರಿಂದ ಅದಕ್ಕೆ ಮುಂಚಿನ ಸರ್ಕಾರಿ ಕಡತಗಳನ್ನು ಮುಂಬಯಿಯಲ್ಲಷ್ಟೇ ಹುಡುಕಿ ಕೈಚೆಲ್ಲಬಾರದು.