ಕೃತಕ ಕಾಲು: ಅರ್ಜಿ ಹಾಕುವುದರಿಂದ ಹೆಜ್ಜೆ ಹಾಕುವವರೆಗೆ

ಅಪಘಾತದಲ್ಲೋ ಸಕ್ಕರೆ ಕಾಯಿಲೆಯಿಂದಲೋ ಒಬ್ಬರ ಕಾಲು ತೆಗೆಯಬೇಕಾಗಿ ಬಂದಾಗ ಮನೆಯವರು ಮೊದಲು ಓಡುವುದು ಅಂಗವೈಕಲ್ಯದ ಸರ್ಟಿಫಿಕೇಟಿಗೆ. ಅದು ಬೇಕು, ನಿಜ. ಆದರೆ ಕಾಗದ ಈ ತಿಂಗಳು ಸಿಗದಿದ್ದರೆ ಮುಂದಿನ ತಿಂಗಳು ಸಿಕ್ಕೀತು. ಮಡಚಿದಂತೆಯೇ ಬಿಗಿದುಹೋದ ಮೊಣಕಾಲು ಮತ್ತೆ ನೆಟ್ಟಗಾಗುವುದು ಬಹಳ ಕಷ್ಟ. ಎರಡೂ ಕೆಲಸ ಒಟ್ಟಿಗೇ ನಡೆಯಲಿ.

ಮೊದಲು ಮೊಂಡುಗಾಲು

ಕಾಲು ತೆಗೆದ ಮೇಲೆ ಉಳಿಯುವ ಭಾಗವೇ ಮೊಂಡು. ಗಾಯ ಮಾಗಿ ವೈದ್ಯರು ಸರಿ ಎಂದ ಮೇಲೆ ಅದಕ್ಕೆ ಕ್ರೇಪ್ ಬ್ಯಾಂಡೇಜ್ (ಹಿಗ್ಗುವ ಬಟ್ಟೆಪಟ್ಟಿ) ಶುರು. ಮೊಣಕಾಲಿನ ಕೆಳಗಾದರೆ 4 ಇಂಚು ಅಗಲದ್ದು, ತೊಡೆಗಾದರೆ 6 ಇಂಚಿನದು. ಬಳೆ ತೊಡಿಸಿದಂತೆ ಅಡ್ಡಡ್ಡ ಸುತ್ತಬಾರದು. ಓರೆಯಾಗಿ, 8ರ ಆಕಾರದಲ್ಲಿ, ತುದಿಗೆ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಬೇಕು. ಅಡ್ಡಡ್ಡ ಬಿಗಿದರೆ ಕೆಳಗಡೆ ನೀರು ತುಂಬಿ ತುದಿ ಬುಗುಟಿನಂತೆ ಊದುತ್ತದೆ. ಆ ಆಕಾರಕ್ಕೆ ಸಾಕೆಟ್, ಅಂದರೆ ಮೊಂಡು ಒಳಗೆ ಕೂರುವ ಕೃತಕ ಕಾಲಿನ ಬಟ್ಟಲು, ಕೂರುವುದಿಲ್ಲ. ಬ್ಯಾಂಡೇಜ್ ಸಡಿಲವಾಗುತ್ತಲೇ ಇರುತ್ತದೆ, ದಿನಕ್ಕೆ ಮೂರ್ನಾಲ್ಕು ಸಲ ಬಿಚ್ಚಿ ಕಟ್ಟಿ.

ಅಕ್ಕರೆಯಿಂದ ಆಗುವ ತಪ್ಪೊಂದಿದೆ: ಮೊಂಡಿನ ಕೆಳಗೆ ದಿಂಬು ಇಡುವುದು. ಹಿತವೆನಿಸುತ್ತದೆ, ಆದರೆ ಕೀಲು ಮಡಚಿಕೊಂಡೇ ಗಟ್ಟಿಯಾಗುತ್ತದೆ. ತೊಡೆಯ ಮಟ್ಟದಲ್ಲಿ ತೆಗೆದಿದ್ದರೆ ದಿನಕ್ಕೆರಡು ಸಲ 20 ನಿಮಿಷ ಬೋರಲು ಮಲಗಿ.

ಕಾಗದಪತ್ರ

ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಕರ್ನಾಟಕದ ಹಳ್ಳಿಗಳಲ್ಲಾದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ನೆರವಾಗುತ್ತಾರೆ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿರುವಂತೆಯೇ ಇರಲಿ. ಸರ್ಕಾರಿ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ ಅಂಗವೈಕಲ್ಯದ ಶೇಕಡಾವಾರು ನಿಗದಿ ಮಾಡುತ್ತಾರೆ. ಸೌಲಭ್ಯಕ್ಕೆ ಕನಿಷ್ಠ ಶೇ 40 ಬೇಕು. ಜೊತೆಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರ.

ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ತಿಂಗಳ ಆದಾಯ 22,500 ರೂಪಾಯಿವರೆಗಿದ್ದರೆ ಪೂರ್ತಿ ಉಚಿತ, 30,000ದವರೆಗಿದ್ದರೆ ಅರ್ಧ ಬೆಲೆ. ಪ್ರಮಾಣಪತ್ರದಲ್ಲಿ ಇರುವುದು ವರ್ಷದ ಲೆಕ್ಕವಾದ್ದರಿಂದ 2.7 ಲಕ್ಷ, 3.6 ಲಕ್ಷ ಎಂದು ನೆನಪಿಡಿ. ಅರ್ಜಿದಾರರು ಅವಲಂಬಿತರಾದರೆ ತಂದೆತಾಯಿ ಅಥವಾ ಪೋಷಕರ ಆದಾಯ ಲೆಕ್ಕಕ್ಕೆ ಬರುತ್ತದೆ. ಸಾಧನಗಳನ್ನು ಹೆಚ್ಚಾಗಿ ಒದಗಿಸುವುದು ಕಾನ್ಪುರದ ಸರ್ಕಾರಿ ಸಂಸ್ಥೆ ಅಲಿಮ್ಕೊ. ಶಿಬಿರ ಯಾವಾಗ ಎಂಬುದನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಜನ ಎಡವುವುದು ಇಲ್ಲಿ: ಒಮ್ಮೆ ಪಡೆದರೆ ಅದೇ ಉದ್ದೇಶಕ್ಕೆ ಮತ್ತೆ ಸಿಗುವುದು ಮೂರು ವರ್ಷದ ಮೇಲೆ, 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷದ ಮೇಲೆ. ಅಳತೆಯ ಶಿಬಿರ ಒಂದು, ವಿತರಣೆಯದು ಇನ್ನೊಂದು. ನಡುವಿನ ದಿನಗಳಲ್ಲಿ ಮೊಂಡು ಕೃಶವಾಗಿರುತ್ತದೆ. ವೇದಿಕೆಯ ಫೋಟೊ ಮುಗಿದ ಕೂಡಲೇ ಹೊರಟರೆ ಹೊಂದದ ಕಾಲು ಅಟ್ಟ ಸೇರುತ್ತದೆ. ತೊಟ್ಟು, ನಾಲ್ಕು ಹೆಜ್ಜೆ ನಡೆದು, ತಿದ್ದುಪಡಿ ಮಾಡಿಸಿಕೊಂಡ ಮೇಲೆಯೇ ಸಹಿ ಹಾಕಿ.

ಅಳತೆ, ತೊಡಿಕೆ

ಕೆಲಸ ಯಾವುದೆಂದು ತಂತ್ರಜ್ಞರಿಗೆ ಮೊದಲೇ ಹೇಳಿ. ಗದ್ದೆಯ ಕೆಸರು, ಬರಿಗಾಲಿನ ಓಡಾಟ, ನೆಲದ ಮೇಲೆ ಕೂರುವುದು ಇದ್ದವರಿಗೆ 1968ರಲ್ಲಿ ರೂಪುಗೊಂಡ ರಬ್ಬರಿನ ಜೈಪುರ ಪಾದ ಒಗ್ಗುತ್ತದೆ. ಅಚ್ಚಿನ ಫೋಮ್ ಪಾದಕ್ಕೆ ಶೂ ಬೇಕೇ ಬೇಕು. ದಿನಾ ಹಾಕುವ ಪಾದರಕ್ಷೆಯನ್ನೇ ಒಯ್ಯಿರಿ: ಹಿಮ್ಮಡಿಯ ಎತ್ತರ ಬದಲಾದರೆ ಇಡೀ ಕಾಲು ಮುಂದಕ್ಕೋ ಹಿಂದಕ್ಕೋ ವಾಲುತ್ತದೆ.

ಮೊಣಕಾಲಿನ ಕೆಳಗಿನ ಸಾಕೆಟ್‌ನಲ್ಲಿ ಭಾರ ಹೊರಬೇಕಾದ್ದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು. ಹೊರಬದಿಯ ಮೂಳೆಗಂಟು, ಮೊಂಡಿನ ತುದಿ ನೋಯುತ್ತಿದ್ದರೆ ‘ರೂಢಿಯಾಗುತ್ತದೆ’ ಎಂಬ ಮಾತಿಗೆ ಒಪ್ಪಬೇಡಿ. ಮೊದಲ ದಿನ 15–20 ನಿಮಿಷ ತೊಟ್ಟು ಬಿಚ್ಚಿ ನೋಡಿ. ಕೆಂಪು ಹತ್ತು ನಿಮಿಷದಲ್ಲಿ ಆರಿದರೆ ಚಿಂತೆಯಿಲ್ಲ, ಉಳಿದರೆ ಅಲ್ಲಿ ಸಾಕೆಟ್ ಒತ್ತುತ್ತಿದೆ. ಸಕ್ಕರೆ ಕಾಯಿಲೆಯವರಿಗೆ ನೋವೇ ತಿಳಿಯದಿರಬಹುದು. ದಿನವೂ ಕನ್ನಡಿ ಹಿಡಿದು ನೋಡಿಕೊಳ್ಳಲಿ. ಸಾಕೆಟ್ ಸಡಿಲವಾದರೆ ಮೊಂಡಿಗೆ ಇನ್ನೊಂದು ಹತ್ತಿಯ ಸಾಕ್ಸ್ ಹಾಕಿ. ಸಾಕ್ಸ್ ಮೇಲೆ ಸಾಕ್ಸ್ ಏರುತ್ತಲೇ ಹೋದರೆ ಹೊಸ ಸಾಕೆಟ್ ಕೇಳುವ ಹೊತ್ತು ಬಂದಿದೆ.

ಕ್ಯಾಲಿಪರ್, ಬ್ರೇಸ್

ಇವು ಇರುವ ಕಾಲಿಗೇ ಆಧಾರ ಕೊಡುವ ಸಾಧನಗಳು. ಪಡೆಯುವ ದಾರಿ ಇದೇ. ಪಾದ ಜೋತುಬಿದ್ದವರ ಪ್ಲಾಸ್ಟಿಕ್ ಬ್ರೇಸ್ ಶೂ ಒಳಗೆ ಹೋಗಬೇಕು, ಹಾಗಾಗಿ ಒಂದು ಸೈಜ್ ದೊಡ್ಡ ಶೂ ಕೊಳ್ಳಿ. ಹುಟ್ಟಿನಿಂದ ಸೊಟ್ಟಪಾದವಿರುವ ಮಕ್ಕಳಿಗೆ ಪ್ಲಾಸ್ಟರ್ ಬಿಚ್ಚಿದ ಮೇಲೆ ಕೊಡುವ ಬ್ರೇಸನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ನಿದ್ದೆಯ ಹೊತ್ತಿನಲ್ಲಿ ಹಾಕಬೇಕು. ಪಾದ ನೆಟ್ಟಗಾಯಿತೆಂದು ನಡುವೆ ಬಿಟ್ಟವರ ಮಕ್ಕಳಿಗೇ ಅದು ಮತ್ತೆ ಸೊಟ್ಟಗಾಗುವುದು ಹೆಚ್ಚು. ಈ ಬ್ರೇಸಿನ ಬೂಟಿನ ಹಿಂಭಾಗದಲ್ಲಿ ತೂತಿದ್ದರೆ ಅದರಲ್ಲಿ ಇಣುಕಿ. ಹಿಮ್ಮಡಿ ಕೆಳಗೆ ಕೂತದ್ದು ಕಾಣದಿದ್ದರೆ ಲೇಸು ಬಿಚ್ಚಿ ಮತ್ತೆ ತೊಡಿಸಿ.